ಇಪ್ಪತ್ತೈದು ಬಿರುಸು ತೋಟಾ

ಚಿಕ್ಕಬೋರಯ್ಯನಿಗೆ ಬುದ್ಧಿ ಹೇಳುವವರು ಮಂಡ್ಯದಲ್ಲಿ ಯಾರೂ ಇರಲಿಲ್ಲ. ಹೇಳಿದರೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ನಲವತ್ತು ವರ್ಷ ಕೋವಿಗಳ ಜೊತೆ ಬಾಳಿ ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತಿತ್ತು. ದಿನಾ ಬೆಳಿಗ್ಗೆ ಯಲಿಯೂರಿನಿಂದ ರೈಲಿಗೆ ಬಂದು, ಪೇಟೆಯ ಸಂದಿಯೊಂದರಲ್ಲಿ ಎರಡು ಬಾಗಿಲಗಲದ ಅಂಗಡಿ ತೆರೆದು, ಕೋವಿ ರಿಪೇರಿಗೆ ಕೂರುತ್ತಿದ್ದ. ಮದ್ದೂರು, ಮಳವಳ್ಳಿ ಕಡೆಯ ರೈತರು ಬೆಳೆ ಕಾಯಲು ಇಟ್ಟುಕೊಂಡ ಹಳೇ ಕೋವಿಗಳೆಲ್ಲ ಒಂದಲ್ಲ ಒಂದು ದಿನ ಅವನ ಮೊಣಕಾಲ ಮೇಲೆ ಮಲಗಿದ್ದವೇ.

ಅವನ ಆಸ್ತಿಯೆಂದರೆ ಬಲಗೈ. ಆ ಕೈಯಲ್ಲಿ ಅರ ಹಿಡಿದು ಉಜ್ಜಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಕೋವಿಯ ಕುದುರೆ, ಅಂದರೆ ಬೆರಳಲ್ಲಿ ಎಳೆಯುವ ಕೊಂಡಿ, ಮುರಿದಿದ್ದರೆ ಹೊಸದನ್ನು ಕಡೆದು ಕೂರಿಸಿ, ಕೊನೆಗೆ ಹರಳೆಣ್ಣೆ ತೊಟ್ಟಿಕ್ಕಿಸಿ ಕೈಗೆ ಕೊಡುತ್ತಿದ್ದ. ಹರಳೆಣ್ಣೆ ಅವನಿಗೆ ಮೃತ್ಯುಂಜಯ ಮಂತ್ರವಿದ್ದ ಹಾಗೆ. ಯಾವ ರೋಗಕ್ಕೂ ಅದೇ.

ನಾನು ನಾಗರಾಜು. ಸರ್ಕಾರಿ ಕಚೇರಿಯಲ್ಲಿ ಕೋವಿ ಲೈಸೆನ್ಸಿನ ಕಡತ ನೋಡುತ್ತಿದ್ದವನು, ಈಗ ನಿವೃತ್ತ. ಮನೆಯಲ್ಲಿ ನನ್ನ ಮಾತು ನಡೆಯದ ಕಾರಣ ದಿನವೂ ಅವನ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದೆ. ಅಲ್ಲಿಯೂ ನನ್ನ ಮಾತು ನಡೆಯುತ್ತಿರಲಿಲ್ಲ, ಆದರೆ ಟೀ ಚೆನ್ನಾಗಿತ್ತು. ನಮ್ಮಿಬ್ಬರದು ಸ್ನೇಹ ಅಂತಲೇ ನಾನು ತಿಳಿದಿದ್ದೆ.

ಹೋದ ವರ್ಷ ಆಯುಧಪೂಜೆಗೆ ಒಂದು ವಾರವಿದ್ದಾಗ ಆತಗೂರಿನ ಜಯಪ್ರಕಾಶ್ ಬಂದ. ಹೆದ್ದಾರಿಗೆ ಜಮೀನು ಹೋಗಿ ಪರಿಹಾರದ ದುಡ್ಡು ಬಂದ ಮೇಲೆ ಅವನ ನಡಿಗೆಯೇ ಬದಲಾಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಕೊಡೆಯ ಬದಲು ಕೋವಿ ಹಿಡಿದಿದ್ದ. ಒಂದು ತೋಟಾ ಹೊಡೆದರೆ ಖಾಲಿಯಾದದ್ದನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ಒಳಗೆಳೆದುಕೊಳ್ಳುವ ಹೊಸ ಕೋವಿ. ಕುದುರೆ ಎಳೆಯುತ್ತಾ ಹೋದರೆ ಐದು ಏಟು.

"ಬೋರಯ್ಯ, ಇದ್ರ ರೋಗ ಏನು ನೋಡು," ಎಂದ. ವಯಸ್ಸಿನಲ್ಲಿ ಇಪ್ಪತ್ತು ವರ್ಷ ಚಿಕ್ಕವನು, ಆದರೂ ಏಕವಚನ. "ಬಿರುಸು ತೋಟಾ ಆಕುದ್ರೆ ಪಟಪಟ ಅಂತ ಓಯ್ತದೆ. ಅಗುರದ್ದು ಆಕುದ್ರೆ ಒಂದೇ ಏಟು. ಖಾಲಿದು ಬಾಯ್ಗೇ ಸಿಕ್ಕಾಕೊಂಡು ನಿಂತೋಯ್ತದೆ."

ಬಿರುಸು ತೋಟಾ ಎಂದರೆ ಕಾಡುಹಂದಿಯ ದಪ್ಪ ಗುಂಡಿನದು, ಹೊಡೆದರೆ ಭುಜಕ್ಕೆ ಕತ್ತೆ ಒದ್ದ ಹಾಗೆ. ಹಗುರದ್ದು ಎಂದರೆ ಸಣ್ಣ ಚರೆಯದು, ಹಕ್ಕಿ ಕೋತಿ ಬೆದರಿಸುವುದಕ್ಕೆ. ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ತೋಟಾ ಎಂದು ಬರೆದಿರುವುದರಿಂದ ನಮ್ಮ ಕಡೆ ಬಿರುಸಿನದನ್ನು ಯಾರೂ ಸುಮ್ಮನೆ ಸುಡುವುದಿಲ್ಲ. ಜಯಪ್ರಕಾಶನಿಗೆ ಹಬ್ಬದ ದಿನ ಊರವರ ಮುಂದೆ ಹಗುರ ತೋಟಾದಲ್ಲಿ ಐದು ಏಟು ಒಂದೇ ಉಸಿರಿಗೆ ಹೊಡೆದು ತೋರಿಸಬೇಕಿತ್ತು.

ಚಿಕ್ಕಬೋರಯ್ಯ ಕೋವಿ ಬಿಚ್ಚಿದ. ನಳಿಗೆಯ ಕೆಳಗೊಂದು ಸಣ್ಣ ತೂತು, ಅದರ ಕೆಳಗೊಂದು ಪಿಸ್ಟನ್. ತೋಟಾ ಸಿಡಿದಾಗ ಹೊಗೆಯ ಒತ್ತಡ ಆ ತೂತಿನಲ್ಲಿ ಇಳಿದು ಪಿಸ್ಟನ್ ಅನ್ನು ಹಿಂದಕ್ಕೆ ತಳ್ಳುತ್ತದೆ. ಉಳಿದ ಕೆಲಸವೆಲ್ಲ ಆ ನೂಕಿನಿಂದಲೇ. ಅವನು ಅಂಥದ್ದನ್ನು ಜೀವಮಾನದಲ್ಲಿ ನೋಡಿರಲಿಲ್ಲ. "ಇದೇನು ಕೋವಿನೋ, ಅಸೀನ್ ಆಲು ಕರೆಯೋ ಮಿಸೀನೋ?" ಎಂದು ನಕ್ಕ.

ಕೋವಿಯ ಡಬ್ಬದಲ್ಲಿ ಇಂಗ್ಲಿಷಿನ ಪುಸ್ತಕವೊಂದಿತ್ತು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಎರಡು ಮಾತು ಸ್ಪಷ್ಟವಾಗಿತ್ತು. ಪಿಸ್ಟನ್ನಿಗೆ ಎಣ್ಣೆ ಮುಟ್ಟಿಸಬಾರದು, ಒಣಗಿಯೇ ಇರಬೇಕು. ಹೊಸ ಕೋವಿಯ ಸ್ಪ್ರಿಂಗು ಬಿಗಿಯಾಗಿರುವುದರಿಂದ ಮೊದಲು ಇಪ್ಪತ್ತೈದು ಬಿರುಸು ತೋಟಾ ಹೊಡೆದು ಸಡಿಲ ಮಾಡಬೇಕು, ಆಮೇಲೆಯೇ ಹಗುರದ್ದು ನಡೆಯುತ್ತದೆ. ಅವನ ಬಲಗಿವಿಗೆ ಬಾಯಿಟ್ಟು ಇಷ್ಟನ್ನೂ ಕೂಗಿದೆ.

"ಎಣ್ಣೆ ಆಕ್ದೆ ಕಬ್ಣ ಆಡ್ತದಾ ನಾಗರಾಜಣ್ಣ? ಪುಸ್ತಕ ಬರ್ದೋನು ಒಂದಿನ ಅರ ಇಡ್ದಿದ್ದಾನಾ?" ಎಂದ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರ ಕಡೆ ಕಣ್ಣು ಹೊಡೆದು, "ನಿಮ್ದು ಕಾಗದದ್ ಕೆಲ್ಸ. ಸುಮ್ಕೆ ಕೂತ್ಕೊಂಡು ಟೀ ಕುಡೀರಿ," ಎಂದ. ಅವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಆದರೂ ಟೀ ಕುಡಿದೆ.

ಅವನು ಕಾರ್ಖಾನೆಯಲ್ಲಿ ಬಳಿದು ಕಳಿಸಿದ್ದ ಅಂಟನ್ನೆಲ್ಲ ಒರೆಸಿ, ಪಿಸ್ಟನ್ನಿಗೆ ಧಾರಾಳವಾಗಿ ಹರಳೆಣ್ಣೆ ಕುಡಿಸಿ ಜೋಡಿಸಿದ. ಪೇಟೆಯ ನಡುವೆ ಹೊಡೆದು ನೋಡುವಂತಿಲ್ಲ. ಕೈಯಲ್ಲಿ ಎಳೆದು ಬಿಟ್ಟ, ಬೆಣ್ಣೆಯ ಹಾಗೆ ಜಾರಿತು. ಕೈಯೆಳೆತವೇ ಬೇರೆ, ಹೊಗೆಯ ನೂಕೇ ಬೇರೆ ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಬಾಯಿ ಬಿಡಲಿಲ್ಲ.

"ತಕ್ಕೊಳಿ ಜಯಣ್ಣೋರೆ, ಐದಕ್ಕೈದೂ ಓಯ್ತದೆ," ಎಂದು ಕೋವಿ ಕೊಟ್ಟ. "ಓಗ್ನಿಲ್ಲ ಅಂದ್ರೆ ನಾನೇ ಬಂದು, ಸರಿಯಾಗೋಗಂಟ ಒಡ್ದು ಕೊಡ್ತೀನಿ."

ಹಬ್ಬದ ದಿನ ಜಯಪ್ರಕಾಶ್ ನಮ್ಮಿಬ್ಬರನ್ನೂ ಆತಗೂರಿಗೆ ಊಟಕ್ಕೆ ಕರೆದಿದ್ದ, ಹೋದೆವು. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಕೋವಿ ಎಲ್ಲಕ್ಕೂ ಚೆಂಡುಹೂವು. ಊಟವಾದ ಮೇಲೆ ಅರವತ್ತು ಎಪ್ಪತ್ತು ಜನ ಊರಾಚೆಯ ಕೆರೆ ಏರಿಗೆ ಹೊರಟೆವು. ಜಯಪ್ರಕಾಶ್ ಹಗುರ ತೋಟಾ ಐದು ತುಂಬಿ, ಕೆರೆಯ ಕಡೆ ಗುರಿಯಿಟ್ಟು ಎಳೆದ. ಢಂ ಎಂದಿತು. ಎರಡನೇ ಸಲ ಎಳೆದ, ಸದ್ದಿಲ್ಲ. ಖಾಲಿ ತೋಟಾ ಅರ್ಧ ಹೊರಗೆ ಅರ್ಧ ಒಳಗೆ ಸಿಕ್ಕಿ ನಿಂತಿತ್ತು. ಕಿತ್ತು ಬಿಸಾಕಿ ಮತ್ತೆ ಹೊಡೆದ, ಮತ್ತೆ ಅದೇ ಕಥೆ.

"ಜಯಣ್ಣ, ಇದು ಕೋವಿನೋ, ಕೆಮ್ಮೋ ಮುದ್ಕನೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ಏರಿಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಯಪ್ರಕಾಶನ ಮುಖ ಕಪ್ಪಿಟ್ಟಿತು. ಅವನು ಚಿಕ್ಕಬೋರಯ್ಯನ ಕಡೆ ತಿರುಗಿದ.

ಆಗ ನಾನು ಸುಮ್ಮನಿದ್ದಿದ್ದರೆ ಬರೀ ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಟೀ ಕುಡಿದು ನುಂಗಿಕೊಂಡದ್ದು ಒಂದು ವಾರದಿಂದ ಗಂಟಲಲ್ಲೇ ಇತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಎಣ್ಣೆ ಆಕ್ಬೇಡ, ಮೊದ್ಲು ಇಪ್ಪತ್ತೈದು ಬಿರುಸು ತೋಟಾ ಒಡೀಬೇಕು ಅಂತ ಪುಸ್ತಕ್ದಲ್ಲೇ ಬರೆದದೆ. ನಾನು ಓದಿ ಏಳ್ದೆ. ಇವ್ನೇ ನನ್ ಆಡ್ಕೊಂಡು ನಕ್ಕ."

ಜಯಪ್ರಕಾಶ್ ಮನೆಗೆ ಆಳು ಕಳಿಸಿ ಬಿರುಸು ತೋಟಾದ ಡಬ್ಬ ತರಿಸಿದ. ಸರಿಯಾಗಿ ಇಪ್ಪತ್ತೈದಿದ್ದವು. "ಸರಿಯಾಗೋಗಂಟ ನೀನೇ ಒಡ್ದು ಕೊಡ್ತೀನಿ ಅಂದಿದ್ದೆ ಅಲ್ವಾ ಬೋರಯ್ಯ? ಒಡಿ."

ಚಿಕ್ಕಬೋರಯ್ಯ ಕೋವಿ ಬಿಚ್ಚಿ, ಟವೆಲ್ಲಿನಲ್ಲಿ ಪಿಸ್ಟನ್ನಿನ ಹರಳೆಣ್ಣೆಯನ್ನೆಲ್ಲ ಒರೆಸಿದ. ಆಮೇಲೆ ಮೆಲ್ಲಗೆ, "ಜಯಣ್ಣೋರೆ, ಎರಡ್ ವರ್ಸದ್ ಇಂದೆ ಬೈಕಿಂದ ಬಿದ್ದು ಬಲಬುಜದತ್ರ ಕೊರಳ್ ಮೂಳೆ ಮುರ್ಕೊಂಡಿದ್ದೆ. ನಾಟಿ ವೈದ್ಯರತ್ರ ಕಟ್ಟಿಸ್ದೋನು. ಬ್ಯಾರೆ ಯಾರಾದ್ರು ಒಡೀಲಿ, ನಾನು ಪಕ್ಕದಲ್ಲಿ ನಿಂತ್ಕೋತೀನಿ," ಎಂದ.

"ಅಂಗಾದ್ರೆ ಅಂಗ್ಡಿ ಬೋರ್ಡಲ್ಲಿ ಬರ್ಸ್ಕೊ, ಕೋವಿ ಕೆಡುಸ್ಕೊಡ್ತೀವಿ ಅಂತ," ಎಂದ ಜಯಪ್ರಕಾಶ್.

ಜನ ಮತ್ತೆ ನಕ್ಕರು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ, ಇವನ ಅಭಿಮಾನ ಭುಜಕ್ಕೆ ಮೂಲವಾಯಿತು. ಕೋವಿ ಎತ್ತಿಕೊಂಡ.

ಒಬ್ಬರ ಲೈಸೆನ್ಸಿನ ಕೋವಿಯನ್ನು ಇನ್ನೊಬ್ಬರು ಹೀಗೆ ಜನರ ನಡುವೆ ಹಾರಿಸುವುದು ಅಪರಾಧ. ಮೂವತ್ತು ವರ್ಷ ಮೇಜಿನ ಹಿಂದೆ ಕೂತು ಬಂದವರಿಗೆಲ್ಲ ಆ ಮಾತು ಹೇಳಿದವನು ನಾನು. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದವನೂ ನಾನೊಬ್ಬನೇ. ಒಂದು ಸಲ ಹೇಳಿದ್ದರೆ ಜಯಪ್ರಕಾಶ್ ಹೆದರಿ ಕೋವಿ ಒಳಗಿಡುತ್ತಿದ್ದ. ನಾನು ಹೇಳಲಿಲ್ಲ. ಅವನ ಪಕ್ಕ ಹೋಗಿ ನಿಂತು ಎಣಿಸತೊಡಗಿದೆ.

ಒಂದು, ಎರಡು, ಮೂರು. ಜನವೂ ನನ್ನ ಜೊತೆ ಎಣಿಸಿತು, ಚಪ್ಪಾಳೆ ತಟ್ಟಿತು. ಒಂದೊಂದು ಏಟಿಗೂ ಅವನ ಮೈ ಹಿಂದಕ್ಕೆ ವಾಲುತ್ತಿತ್ತು, ಮತ್ತೆ ಕಾಲೂರಿ ನಿಲ್ಲುತ್ತಿದ್ದ. ಐದು ಹೊಡೆದು, ಐದು ತುಂಬಿ, ಮತ್ತೆ ಐದು. ಕೊನೆಕೊನೆಗೆ ಎಡಗೈಯಲ್ಲಿ ತುಂಬುತ್ತಿದ್ದ, ಹಿಡಿಯನ್ನು ಎದೆಗೆ ಆನಿಸಿ ಹೊಡೆಯುತ್ತಿದ್ದ. ನನಗೆ ಒಳಗೆ ಖುಷಿಯಾಗುತ್ತಿತ್ತು. ಇದನ್ನು ಬಚ್ಚಿಟ್ಟು ಏನು ಪ್ರಯೋಜನ?

ಇಪ್ಪತ್ತೈದೂ ಮುಗಿದವು. ಜಯಪ್ರಕಾಶ್ ಕೋವಿ ಕಿತ್ತುಕೊಂಡು ಹಗುರ ತೋಟಾ ಐದು ತುಂಬಿ ಎಳೆದ. ಐದಕ್ಕೈದೂ ಹೋದವು, ಖಾಲಿ ತೋಟಾಗಳು ಪುಟಪುಟನೆ ಆಚೆ ಹಾರಿದವು. ಜನ ಶಿಳ್ಳೆ ಹಾಕಿತು. "ನೋಡುದ್ರೇನ್ರಲಾ, ಬೋರಯ್ಯನ ಕೈಗುಣ!" ಎಂದು ಜಯಪ್ರಕಾಶ್ ಕೋವಿಯ ಮೇಲಿನ ಹೂವಿನ ಹಾರ ತೆಗೆದು ಅವನ ಕೊರಳಿಗೆ ಹಾಕಿದ. ಅದು ವಾರೆಯಾಗಿ ಕಿವಿಗೆ ಸಿಕ್ಕಿಕೊಂಡಿತು. ಸರಿಮಾಡಿಕೊಳ್ಳಲು ಅವನಿಗೆ ಕೈ ಏಳಲಿಲ್ಲ.

"ಸರಿಯೋಯ್ತಲ್ಲ," ಎಂದ ಚಿಕ್ಕಬೋರಯ್ಯ. ಆ ದಿನ ಅವನಾಡಿದ ಕೊನೆಯ ಮಾತು ಅದೇ.

ಹಿಂದೆ ಮುರಿದಿದ್ದ ಮೂಳೆಯೇ ಮತ್ತೆ ಮುರಿದಿತ್ತು, ಚೂರು ನರಕ್ಕೆ ಚುಚ್ಚಿತ್ತು. ಆಸ್ಪತ್ರೆಯಲ್ಲಿ ಮೂಳೆ ಕೂರಿಸಿದರು, ನರ ಕೂಡಲಿಲ್ಲ. ಬಲಗೈ ಈಗ ಸೊಂಟದ ಮಟ್ಟಕ್ಕಿಂತ ಏಳುವುದಿಲ್ಲ. ಬೆರಳಿಗೆ ಅರ ಕೊಟ್ಟರೆ ಕೆಳಗೆ ಬೀಳುತ್ತದೆ. ಅಂಗಡಿಯಲ್ಲಿ ಮೊಬೈಲ್ ಕವರು ಮಾರುವವನು ಬಂದಿದ್ದಾನೆ. ಆತಗೂರಿನಲ್ಲಿ ಮಾತ್ರ ಚಿಕ್ಕಬೋರಯ್ಯನಿಗೆ ಇವತ್ತಿಗೂ ಒಳ್ಳೆಯ ಹೆಸರು. ಕೋವಿ ಒಂದು ಸಲವೂ ನಿಂತಿಲ್ಲವಂತೆ.

ಮೂರು ತಿಂಗಳು ಧೈರ್ಯ ಸಾಲದೆ, ಸಂಕ್ರಾಂತಿಯ ಮಾರನೇ ದಿನ ಯಲಿಯೂರಿಗೆ ಹೋದೆ. ಚಿಕ್ಕಬೋರಯ್ಯ ಜಗಲಿಯ ಮೇಲೆ ನಿದ್ದೆ ಹೋಗಿದ್ದ. ಅವನ ಹೆಂಡತಿ ಚಿಕ್ಕನಂಜಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಕೂರಿ ಎಂದಳು, ನೀರು ಕೊಟ್ಟಳು. ಮತ್ತೆ ಕಾಯಿ ಬಿಡಿಸಲು ಕೂತಳು.

"ನಾಗರಾಜಣ್ಣ, ಏಟ್ನೆಲ್ಲ ನೀವೇ ಎಣ್ಸುದ್ರಂತೆ?"

"ಊಂ ಕಣಮ್ಮ."

"ಮೂಳೆ ಓಗಿದ್ದು ಎಷ್ಟನೇದುಕ್ಕೆ?"

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ನಾನು ಪಕ್ಕದಲ್ಲೇ ನಿಂತಿದ್ದೆ. ಆ ಏಟಾದ ಕೂಡಲೇ ಅವನು ನನ್ನ ಕಡೆ ತಿರುಗಿದ್ದ, ಕಣ್ಣಲ್ಲಿ ನೀರಿತ್ತು, ತುಟಿ ಮಾತ್ರ 'ಸಾಕು' ಅಂದಿತ್ತು. ಜನರಿಗೆ ಅವನ ಬೆನ್ನು ಕಂಡಿತ್ತು, ಮುಖ ಕಂಡದ್ದು ನನಗೊಬ್ಬನಿಗೆ.

"ಅದಿನಾಲ್ಕನೇದುಕ್ಕೆ," ಎಂದೆ.

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಆಮೇಕೆ ನೀವೇನ್ ಮಾಡುದ್ರಿ?"

"ಅದಿನೈದು ಅಂದೆ ಕಣಮ್ಮ."