ನೀರು ಬಿಟ್ಟ ಹಲೀಮಾ

ಟೆಕ್ಸಸ್ಸಿನ ಕ್ಯಾರಲ್ಟನ್‌ನ ನಮ್ಮ ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಮಾಡುವವರ ಕೈಯಲ್ಲಿ ಒಂದೊಂದು ಸ್ಕ್ಯಾನರ್ ಇರುತ್ತದೆ. ಅದು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಸೂಪರ್‌ವೈಸರ್ ಆದ ನನ್ನ ಸ್ಕ್ರೀನಿನಲ್ಲಿ ಅವರ ಹೆಸರು ಕೆಂಪಾಗುತ್ತದೆ. ಸೊಮಾಲಿಯಾದ ಹಲೀಮಾಳ ಹೆಸರು ದಿನಾ ಕೆಂಪಾಗುತ್ತಿತ್ತು. ಟಾಯ್ಲೆಟ್ಟಿಗೆ ಹೋದರೆ ಬೇಗ ಬರುತ್ತಲೇ ಇರಲಿಲ್ಲ. "ಫೋನ್ ನೋಡ್ತಾ ಕೂತಿರ್ತಾಳೆ, ನೀವೇ ವಿಚಾರಿಸಿ" ಅಂದ ಮ್ಯಾನೇಜರ್.

ವಿಚಾರಿಸಿದೆ. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಅವಳು ಮೆಲ್ಲಗೆ ಹೇಳಿದಳು. "ದೀದಿ, ಚಿಕ್ಕವಳಿದ್ದಾಗ ನನಗೆ ಕೆಳಗೆ ಕೊಯ್ದು ಹೊಲಿಗೆ ಹಾಕಿದ್ರು. ನಮ್ಮ ಕಡೆ ಹುಡುಗಿಯರಿಗೆ ಹಾಗೆ ಮಾಡ್ತಾರೆ. ಈಗಲೂ ಮೂತ್ರ ಹನಿ ಹನಿಯಾಗೇ ಬರೋದು."

ಡಾಕ್ಟರ್ ಚೀಟಿ ತಂದರೆ ಹೆಚ್ಚು ಹೊತ್ತು ಕೊಡುತ್ತಾರೆ ಅಂದೆ.

"ಹೋಗಿದ್ದೆ. ಮಲಗಿ ಕಾಲು ಅಗಲಿಸು ಅಂದ್ರು. ಕೊಯ್ದ ದಿನ ನನ್ನ ಕಾಲು ಅದುಮಿ ಹಿಡಿದಿದ್ದವಳು ನಮ್ಮಜ್ಜಿ. ನರ್ಸ್ ಮೊಣಕಾಲು ಮುಟ್ಟಿದ ಕೂಡಲೇ ಎದ್ದು ಓಡಿಬಂದೆ."

ಮ್ಯಾನೇಜರ್ ಹತ್ತಿರ, ಅವಳಿಗೆ ಮೈ ಸರಿಯಿಲ್ಲ ಅಂತಷ್ಟೇ ಹೇಳಿದೆ. "ಹಾಗಾದ್ರೆ ಚೀಟಿ ಎಲ್ಲಿ?" ಅಂದ.

ಮುಂದಿನ ವಾರದಿಂದ ಹಲೀಮಾಳ ಹೆಸರು ಕೆಂಪಾಗಲಿಲ್ಲ. ಶಿಫ್ಟ್ ಮುಗಿಯುವ ತನಕ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಟೆಕ್ಸಸ್ಸಿನ ಬೇಸಿಗೆಯಲ್ಲಿ ತುಟಿ ಒಡೆದು ಹೋಗಿತ್ತು.

ಆ ತಿಂಗಳು, ಕೆಲಸದಲ್ಲಿ ಸುಧಾರಿಸಿದವರಿಗೆ ಕಂಪನಿ ಬಹುಮಾನ ಕೊಟ್ಟಿತು. ಹಲೀಮಾಳಿಗೂ ಬಂತು, ದೊಡ್ಡದೊಂದು ಸ್ಟೀಲ್ ನೀರಿನ ಬಾಟಲಿ. ಹಂಚುವುದು ಸೂಪರ್‌ವೈಸರ್ ಕೆಲಸವಾದ್ದರಿಂದ ನಾನೇ ಅವಳ ಕೈಗಿಟ್ಟೆ. ಐಸ್ ಹಾಕಿಟ್ಟರೆ ನೀರು ಸಂಜೆಯವರೆಗೂ ತಣ್ಣಗೇ ಇರುತ್ತದಂತೆ.