ಸಿಪಿಯು ತಲೆಯ ಮೇಲಿನ ಚೆಂಡುಹೂ

ವಾರಕ್ಕೆ ಆರು ದಿನ ನಾನು ವಡಾಲದಿಂದ ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ಜೋಗೇಶ್ವರಿಯ ಒಂದು ಪ್ಯಾಕಿಂಗ್ ಯುನಿಟ್ಟಿಗೆ ಹೋಗುತ್ತೇನೆ. ನಿಂತುಕೊಂಡು ಹೋಗುವುದು, ನಿಂತುಕೊಂಡು ಡಬ್ಬಗಳಿಗೆ ಟೇಪು ಹಚ್ಚುವುದು, ನಿಂತುಕೊಂಡು ಬರುವುದು. ಕೂರಲು ಸಿಗುವುದು ಭಾನುವಾರ ಮಾತ್ರ. ಆ ಭಾನುವಾರ ಕೂತದ್ದೂ ನನಗಿಂತ ಸುಸ್ತಾದ ಹಳೇ ಡೆಸ್ಕ್‌ಟಾಪಿನ ಮುಂದೆ.

ನನಗಿರುವ ಒಂದೇ ವಿದ್ಯೆ ಮಿಮಿಕ್ರಿ. ಸೂಪರ್‌ವೈಸರನ ಕೆಮ್ಮು, ಸ್ಟೇಷನ್ನಿನ ಅನೌನ್ಸ್‌ಮೆಂಟು, ಪಕ್ಕದ ಮನೆಯ ಅಜ್ಜಿ ಕೊತ್ತಂಬರಿಯವನ ಜೊತೆ ಆಡುವ ಜಗಳ, ಎಲ್ಲ ಬರುತ್ತದೆ. ನನ್ನದೇ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಜೋಗೇಶ್ವರಿಯ ಒಂದು ಡಬ್ಬಿಂಗ್ ಸ್ಟುಡಿಯೋದವರು, ಕನ್ನಡದಲ್ಲಿ ಐದು ದನಿಗಳ ಸ್ಯಾಂಪಲ್ ಭಾನುವಾರ ಸಂಜೆ ಆರರೊಳಗೆ ಕಳಿಸಿದರೆ ಕೇಳುತ್ತೇವೆ ಎಂದಿದ್ದರು. ಟೇಪಿನಿಂದ ಪಾರಾಗಲು ನನಗೆ ಕಂಡ ಬಾಗಿಲು ಅದೊಂದೇ.

ರೆಕಾರ್ಡಿಂಗ್ ಆಗಿತ್ತು. ಆದರೆ ಐದು ದನಿಗಳ ಹಿಂದೆಯೂ ಗೊಂಯ್ ಎಂಬ ಆರನೆಯದೊಂದು. ಬಿಲ್ಡಿಂಗಿನ ನೀರಿನ ಪಂಪು ಇರಬೇಕೆಂದುಕೊಂಡೆ. ಆ ಸದ್ದನ್ನು ತೆಗೆದುಹಾಕುವ ಸಾಫ್ಟ್‌ವೇರ್ ಅರ್ಧಕ್ಕೆ ಬರುತ್ತಲೇ ಕಂಪ್ಯೂಟರ್ ನಿಂತುಬಿಡುತ್ತಿತ್ತು. ನಮ್ಮದೇ ಬಿಲ್ಡಿಂಗಿನ, ವಿಜಯಪುರ ಕಡೆಯ ರಿಪೇರಿ ಗೆಳೆಯನಿಗೆ ಫೋನ್ ಮಾಡಿದೆ.

“ಓವರ್‌ಕ್ಲಾಕ್ ಮಾಡು ಲೇ. ಪ್ರೊಸೆಸರ್ ಇದ್ದದ್ದಕ್ಕಿಂತ ಜೋರ ಓಡ್ತದ. ಆನ್ ಮಾಡೋ ಮುಂದ ಡಿಲೀಟ್ ಒತ್ತಿ ಬಯೋಸ್‌ನಾಗ ಹೋಗು. ಮೊದಲಿನ ಸೆಟ್ಟಿಂಗ್ ಫೋಟೋ ಹೊಡ್ಕೋ. ಸ್ಪೀಡಿನ ಮಲ್ಟಿಪ್ಲೈಯರ್ ಒಂದೊಂದs ಏರಸು. ವೋಲ್ಟೇಜ್ ಮುಟ್ಟಬ್ಯಾಡ. ಟೆಂಪರೇಚರ್ ನೋಡ್ಕೋತ ಹೋಗು.”

“ಆತ್ರೀ ಸಾಹೇಬ್ರ, ನೋಡ್ಕೋತ ಹೋಗ್ತೀನ್ರಿ,” ಎಂದೆ, ಅವನದೇ ದನಿಯಲ್ಲಿ.

“ನನ್ನ ದನಿ ತಗೊಳ್ಳಾಕ ಬರ್ತದ, ಮಾತ ತಗೋ ಮಗನ. ನಾಕಕ್ಕ ಬರ್ತೀನಿ.”

ದನಿಯನ್ನಷ್ಟೇ ತೆಗೆದುಕೊಂಡೆ. ಒಂದೊಂದೇ ಏರಿಸಲು ಯಾರಿಗೆ ತಾಳ್ಮೆ? ಟೆಂಪರೇಚರ್ ನೋಡದೆ ಒಮ್ಮೆಲೇ ಆರು ಏರಿಸಿ ಸೇವ್ ಮಾಡಿದೆ. ಪರದೆ ಕಪ್ಪಾಯಿತು. ಮತ್ತೆ ಮತ್ತೆ ಬಟನ್ ಒತ್ತಿದರೂ ಕಪ್ಪೇ.

ಅಷ್ಟರಲ್ಲಿ ಅಪ್ಪ ಬಂದರು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ದೋಸೆಯ ಕಾವಲಿ ಅವರದು. ಮಧ್ಯಾಹ್ನದ ಬಿಡುವಿಗೆ ಮನೆಗೆ ಬರುತ್ತಾರೆ.

“ಎಂತ ಮಾರಾಯ, ಮುಖ ಹಾಗೆ ಮಾಡಿದ್ದಿ?”

“ಕಂಪ್ಯೂಟರ್ ಗಯಾ, ಅಪ್ಪಾ.”

“ಎಂತ ಗಯಾ? ಒಂದು ವರ್ಷವೂ ಬಿಡದೆ ಆಯುಧಪೂಜೆ ಮಾಡಿದ್ದೇನೆ ಅದಕ್ಕೆ. ಹಾಗೆಲ್ಲ ಕೈ ಕೊಡುದಿಲ್ಲ ಅದು.”

ನಾಲ್ಕೂಕಾಲಿಗೆ ಬಂದ ಗೆಳೆಯ ಬೈಯಲೂ ಇಲ್ಲ, ಅಷ್ಟು ದಣಿದಿದ್ದ. ಒಳಗಿನ ನಾಣ್ಯದಂಥ ಬ್ಯಾಟರಿ ತೆಗೆದು ಹಾಕಿದರೆ ಸೆಟ್ಟಿಂಗ್ ಮೊದಲಿನಂತಾಗುತ್ತದೆ ಎಂದು ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿದ. ಬಿಚ್ಚಿದವನು ಹಾಗೇ ಕೂತ. ಪ್ರೊಸೆಸರನ್ನು ತಂಪಾಗಿಸುವ ಲೋಹದ ಪಟ್ಟಿಗಳ ಸಂದಿಯಲ್ಲೆಲ್ಲ ಒಣಗಿದ ಚೆಂಡುಹೂವಿನ ಎಸಳು. ಫ್ಯಾನಿನ ರೆಕ್ಕೆಗಳಿಗೆ ಧೂಳು ಬೆರೆತ ಕುಂಕುಮದ ಮೆತ್ತೆ. ಮೂಲೆಯಲ್ಲಿ ಅಕ್ಷತೆ.

“ಕಾಕಾ, ಇದೇನು ಸಿಪಿಯುನೋ, ಗರ್ಭಗುಡಿನೋ?”

“ಮೇಲೆ ಜಾಲರಿ ಉಂಟಲ್ಲ, ಹೂ ನಿಲ್ತದೆ ಅಂತ ಮಾಡಿದ್ದು,” ಎಂದರು ಅಪ್ಪ. “ಹೋಟೆಲಿನ ಗ್ರೈಂಡರಿಗೂ ಇಷ್ಟೇ ಹಾಕುದು.”

“ಗ್ರೈಂಡರ್ ಮರುದಿನ ತೊಳೀತೀರಲ್ಲ, ಅಪ್ಪಾ.”

ನಗಿಸಲೆಂದು ಆಡಿದ ಮಾತು ತಪ್ಪಾದ ಜಾಗಕ್ಕೆ ತಗುಲಿತ್ತು. ವರ್ಷವರ್ಷವೂ ಆ ಹೂ ಇಡುವಾಗ ಅಪ್ಪ ಕೈಮುಗಿದದ್ದು ಕಂಪ್ಯೂಟರಿಗಲ್ಲ, ಅದರ ಮುಂದೆ ಕೂರುವವನ ಸಲುವಾಗಿ. ಒಳಗೆ ಹೋಗಿ ಹಳೇ ಟೂತ್‌ಬ್ರಶ್ ತಂದು ತಾವೇ ಎಸಳು ಕೆದಕತೊಡಗಿದರು.

ಗೆಳೆಯ ಬ್ಯಾಟರಿ ತೆಗೆದು ಹಾಕಿ, ಪ್ರೊಸೆಸರಿಗೆ ಬಿಸಿ ಎಳೆಯುವ ಹೊಸ ಪೇಸ್ಟ್ ಹಚ್ಚಿ ಆನ್ ಮಾಡಿದ. ಬಯೋಸ್ ಬಂತು. ಮಲ್ಟಿಪ್ಲೈಯರ್ ಒಂದು ಏರಿಸಿದ, ಓಡಿಸಿದ, ಬಿಸಿ ನೋಡಿದ. ಇನ್ನೊಂದು ಏರಿಸಿದ. ಮೂರನೆಯದಕ್ಕೆ ಹ್ಯಾಂಗ್ ಆಯಿತು, ಒಂದು ಇಳಿಸಿದ.

“ಕಾವಲಿಗೆ ನೀರು ಚಿಮುಕಿಸಿ ನೋಡಿದ ಹಾಗೆ,” ಎಂದರು ಅಪ್ಪ.

“ಕಾಕಾಗ ತಿಳೀತು. ನಿನಗs ತಿಳೀಲಿಲ್ಲ.”

ಆಗಲೇ ಕೋಣೆ ಬೇರೆಯಾಗಿದೆ ಅನ್ನಿಸಿತು. ಗೊಂಯ್ ಇಲ್ಲ. ನಾನು ನೀರಿನ ಪಂಪೆಂದು ದೂರುತ್ತಿದ್ದದ್ದು ನಮ್ಮದೇ ಫ್ಯಾನು. ಇಡೀ ಊರಿನ ಸದ್ದು ಅಣಕಿಸುವವನಿಗೆ ಮಂಡಿಯ ಪಕ್ಕದ ಸದ್ದು ಗುರುತಾಗಿರಲಿಲ್ಲ. ಗಂಟೆ ಐದೂ ಇಪ್ಪತ್ತು. ಹಳೆಯ ರೆಕಾರ್ಡಿಂಗನ್ನು ತೊಳೆಯುವ ಬದಲು ಹೊಸದಾಗಿ ಹೇಳುವುದೇ ಬೇಗ.

ನಾಲ್ಕು ದನಿ ಮುಗಿದವು. ಐದನೆಯದು ಅಪ್ಪನದೆಂಬುದು ಆಗ ನೆನಪಾಯಿತು. ಅವರ ಎದುರು ಎಂದೂ ಮಾಡಿರಲಿಲ್ಲ. ಅವರು ಮಂಚದ ತುದಿಯಲ್ಲಿ, ಕುಂಕುಮದ ಬೆರಳುಗಳನ್ನು ಮಡಚಿ, ಉಸಿರು ಹಿಡಿದು ಕೂತಿದ್ದರು. ಬೇರೆ ದನಿ ಹೊಳೆಯಲಿಲ್ಲ. “ಎರಡು ಮಸಾಲೆ, ಒಂದು ಸೆಟ್, ಬೇಗ ತಕ್ಕೊಳ್ಳಿ ಮಾರಾಯ್ರೆ, ಆರ್ತದೆ,” ಎಂದೆ. ತಮಾಷೆಗೆ ಅಂತಲೇ ಕಲಿತದ್ದು. ಅಂದು ನನಗೂ ಸುಸ್ತಾಗಿತ್ತಲ್ಲ, ದನಿ ಸರಿಯಾಗಿ ಕೂತಿತು.

ಐದೂ ಐವತ್ತೆರಡಕ್ಕೆ ಫೈಲ್ ಹೋಯಿತು.

“ನಾನು ಅಷ್ಟು ಬಚ್ಚಿ ಸುಸ್ತಾದ ಹಾಗೆ ಮಾತಾಡುದಾ?” ಅಪ್ಪ ಕೇಳಿದರು.

“ಸಂಜೆಯ ಶಿಫ್ಟಿನಲ್ಲಿ ಮಾತ್ರ,” ಎಂದೆ. ಅಪ್ಪ ಶರ್ಟು ಹಾಕಿಕೊಂಡು ಆ ಶಿಫ್ಟಿಗೇ ಹೊರಟರು.

ಬುಧವಾರ ಉತ್ತರ ಬಂತು. ಐದನೆಯ ದನಿ ಹಿಡಿಸಿತಂತೆ. ಮುದುಕರ ಪಾತ್ರ, ಗುಂಪಿನ ಗದ್ದಲ ಇದ್ದಾಗ ಕರೆಯುತ್ತಾರಂತೆ. ಆದರೆ ಕೆಲಸ ಭಾನುವಾರ ಮಾತ್ರ. ಡಬ್ಬಗಳ ಟೇಪು ಹಾಗೇ ಇದೆ. ಈಗ ವಾರಕ್ಕೆ ಏಳು ದಿನ ಜೋಗೇಶ್ವರಿ. ಮೈಕಿನ ಮುಂದೆಯೂ ನಿಂತುಕೊಂಡೇ ಮಾತಾಡಬೇಕೆಂದು ಯಾರೂ ಮೊದಲು ಹೇಳಿರಲಿಲ್ಲ.