ಭಟ್ಟರ ರಜೆ ಮತ್ತು ಹನ್ನೊಂದು ಬಟ್ಟಲು ಕಾಫಿ

ಕುವೈತಿನ ಸಾಲ್ಮಿಯಾದ ಹಿಂದಿನ ಗಲ್ಲಿಯೊಂದರಲ್ಲಿ ನನ್ನದೊಂದು ಅಡುಗೆಮನೆ ಇತ್ತು. ಹೋಟೆಲ್ ಅಲ್ಲ, ಕೂತು ತಿನ್ನಲು ಮೇಜು ಕುರ್ಚಿ ಇರಲಿಲ್ಲ. ನಮ್ಮ ಕಡೆಯವರ ಸಂಘಗಳ ಕಾರ್ಯಕ್ರಮ, ಮಕ್ಕಳ ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ ಇಂಥವಕ್ಕೆ ಸಸ್ಯಾಹಾರಿ ಊಟ ಮಾಡಿ ಕಳಿಸುವ ವ್ಯಾಪಾರ. ಯಾರು ಏನು ಕೇಳಿದರೂ ನಾನು ಹೂಂ ಅನ್ನುತ್ತಿದ್ದೆ. ಅದು ನನ್ನ ಒಳ್ಳೆಯತನ ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ಒಬ್ಬರು ಫುಟ್‌ಬಾಲಿನ ಆಕಾರದ, ಮೊಟ್ಟೆ ಹಾಕದ ಕೇಕ್ ಕೇಳಿದರು. ಜನ್ಮದಲ್ಲಿ ಕೇಕ್ ಮಾಡಿದವನಲ್ಲ ನಾನು, ಆದರೂ ಒಪ್ಪಿಕೊಂಡೆ. ಕೊನೆಗೆ ಕೇಸರಿಬಾತನ್ನು ಎರಡು ಬಟ್ಟಲಲ್ಲಿ ಒತ್ತಿ, ಗುಂಡಗೆ ಜೋಡಿಸಿ, ಮೇಲೆ ಒಣದ್ರಾಕ್ಷಿಯ ಪಟ್ಟೆ ಹಾಕಿ ಕಳಿಸಿದ್ದಾಯಿತು. ಇನ್ನೊಬ್ಬರು ಇನ್ನೂರು ಜನಕ್ಕೆ ಪತ್ರೊಡೆ ಕೇಳಿದರು. ಕೆಸುವಿನ ಎಲೆ ವಿಮಾನದಲ್ಲಿ ಬರಬೇಕಿತ್ತು, ಬರಲಿಲ್ಲ. ಪಾಲಕ್ ಸೊಪ್ಪಿಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸಿದೆವು. ಅದು ಪಾತ್ರೆಯೊಳಗೇ ಹಸಿರು ಮುದ್ದೆಯಾಯಿತು. ತಿಂದವರೆಲ್ಲ ಚಟ್ನಿ ಚೆನ್ನಾಗಿತ್ತು ಎಂದರು. ಒಬ್ಬ ಗಿರಾಕಿಯ ಅತ್ತೆಯನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದದ್ದೂ ಇದೆ. ಊಟದ ಆರ್ಡರಿಗೂ ಅತ್ತೆಗೂ ಏನು ಸಂಬಂಧ ಎಂದು ಕೇಳಬೇಕೆಂದು ನನಗೆ ಹೊಳೆದದ್ದು ವಾಪಸ್ ಬರುವ ದಾರಿಯಲ್ಲಿ.

"ನೀವು ಇಲ್ಲ ಅಂತ ಹೇಳಿದ್ದು ಒಂದೇ ಸಲ ಮಾರಾಯ್ರೆ," ಎನ್ನುತ್ತಿದ್ದಳು ನನ್ನ ಹೆಂಡತಿ. "ನಾನು ಬಳೆ ಕೇಳಿದಾಗ."

ಆದರೆ ಹೂಂ ಅನ್ನುವವನು ನಾನು, ದುಡಿಯುವವರು ನಮ್ಮ ಭಟ್ಟರು. ಕುಂದಾಪುರದ ಕಡೆಯವರು, ಐವತ್ತು ದಾಟಿದವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಾದರೂ ನನ್ನನ್ನು ಧಣಿ ಎಂದೇ ಕರೆಯುತ್ತಿದ್ದರು. ಅವರ ದೋಸೆ ಕಾವಲಿಯ ಮೇಲೆ ಎದ್ದು ನಿಲ್ಲುತ್ತಿತ್ತು. ಕುವೈತಿನಲ್ಲಿ ಅಂಥ ದೋಸೆ ಇನ್ನೆಲ್ಲೂ ಇಲ್ಲ ಎಂದು ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಆರು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಉತ್ತರ ಒಂದೇ. ಮುನ್ನೂರು ಇಡ್ಲಿಯನ್ನು ಐನೂರು ಮಾಡಬೇಕು ಎಂದರೆ "ಅಡ್ಡಿಲ್ಲೆ." ನಾಳೆ ಬೆಳಿಗ್ಗೆ ಮೂರಕ್ಕೆ ಬನ್ನಿ ಎಂದರೂ "ಅಡ್ಡಿಲ್ಲೆ." ಅವರ ಮಗಳ ನಿಶ್ಚಿತಾರ್ಥದ ವಾರ ನಾನು ಎರಡು ಸಂಘದ ಊಟ ಒಪ್ಪಿಕೊಂಡಾಗಲೂ ಅದೇ ಮಾತು. "ಅಡ್ಡಿಲ್ಲೆ ಧಣಿ. ನಿಶ್ಚಯಕ್ಕೆ ನಾ ಎಂತಕ್ಕೆ? ಮದ್ವಿಗೆ ಹೋತೆ."

ನಿಶ್ಚಿತಾರ್ಥದ ದಿನ ಊರಿಂದ ನನ್ನ ಮೊಬೈಲಿಗೆ ಫೋನ್ ಬಂತು. ಭಟ್ಟರು ರುಬ್ಬುವ ಯಂತ್ರ ನಿಲ್ಲಿಸಿ, ಫೋನನ್ನು ಕಿವಿಗೆ ಒತ್ತಿ ಹಿಡಿದು, ಅಲ್ಲಿಯ ಗದ್ದಲವನ್ನು ಐದು ನಿಮಿಷ ಕೇಳಿದರು. ಆಮೇಲೆ ಯಂತ್ರ ಶುರು ಮಾಡಿದರು. ನಾನು ಅದನ್ನು ನೋಡಿಯೂ ಸುಮ್ಮನಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮದುವೆ ಗೊತ್ತಾಯಿತು. ಟಿಕೆಟ್ ಆಯಿತು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕರೆಯೋಲೆಯನ್ನು ಭಟ್ಟರು ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಹೊರಡಲು ಒಂದು ವಾರ ಇರುವಾಗ ನಮ್ಮ ಕಫೀಲ್, ಅಂದರೆ ನಮಗೆ ಜಾಮೀನು ನಿಂತ ಕುವೈತಿ, ಫೋನ್ ಮಾಡಿದರು. ಅಡುಗೆಮನೆಯ ಪರವಾನಗಿ ಅವರ ಹೆಸರಿನಲ್ಲಿ, ಇಲ್ಲಿ ಇರಲು ಬೇಕಾದ ನಮ್ಮೆಲ್ಲರ ಇಕಾಮಾ ಅವರ ಸಹಿಯಲ್ಲಿ. ಅವರ ತಂದೆ ಒಂದು ಕಾಲದಲ್ಲಿ ಹಡಗು ತೆಗೆದುಕೊಂಡು ಬೊಂಬಾಯಿಗೆ ಹೋಗಿ ಬಂದವರು. ಹಾಗಾಗಿ ಇವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು.

"ಕ್ಯಾ ಭಾಯಿ, ಬರುವ ವಾರ ಗುರುವಾರ ನನ್ನ ದಿವಾನಿಯಾಕ್ಕೆ ನೂರೈವತ್ತು ಜನ ಬರ್ತಾರೆ. ನಿನ್ನ ದೋಸೆಯವನನ್ನ ಕಾವಲಿ ಸಮೇತ ಕರ್ಕೊಂಡು ಬಾ. ಎಲ್ಲರಿಗೂ ಬಿಸಿ ಬಿಸಿ ಆಗಬೇಕು."

ಭಟ್ಟರು ಹೊರಡಬೇಕಾದದ್ದು ಬುಧವಾರ. ಮದುವೆ ಶುಕ್ರವಾರ. ನಾನು "ಆಯ್ತು, ಆಯ್ತು" ಎಂದು ಎರಡು ಸಲ ಹೇಳಿ ಫೋನಿಟ್ಟೆ.

ಮರುದಿನ ವಿಷಯ ಹೇಳಿದಾಗ ಭಟ್ಟರು ಬೀನ್ಸ್ ಹೆಚ್ಚುತ್ತಿದ್ದರು. "ಅಡ್ಡಿಲ್ಲೆ," ಎಂದರು. ಆದರೆ ಈ ಸಲ ತಲೆ ಎತ್ತಲಿಲ್ಲ. ಬೀನ್ಸ್ ಮುಗಿಸಿ, ಕೈ ತೊಳೆದು, ಫ್ರಿಜ್ಜಿನ ಮೇಲಿನ ಕರೆಯೋಲೆಯನ್ನು ಮೆಲ್ಲಗೆ ಬಿಡಿಸಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡರು. ನನಗೆ ಮುಖ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. "ನಾಳೆಯೇ ಹೋಗಿ ಆಗುವುದಿಲ್ಲ ಅಂತ ಹೇಳಿ ಬನ್ನಿ. ಈಗ ಅಭ್ಯಾಸ ಮಾಡುವ," ಎಂದು ತಲೆಗೆ ಬಿಳಿ ಟವೆಲ್ ಹಾಕಿಕೊಂಡು ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕಫೀಲ್ ಆಗಿ ಕೂತಳು.

"ಗುರುವಾರ ದೋಸೆ ಆಗ್ತದಾ?" ಎಂದಳು ದಪ್ಪ ಸ್ವರ ಮಾಡಿ.

"ನೋಡುವ," ಎಂದೆ.

"ಎಂತ ನೋಡುವುದು? ಇಲ್ಲ ಅನ್ನಿ."

ಇನ್ನೊಮ್ಮೆ ಕೇಳಿದಳು. "ಸ್ವಲ್ಪ ಕಷ್ಟ ಉಂಟು, ಆದ್ರೂ..." ಎಂದೆ. ಮೂರನೆಯ ಸಲ ಕೇಳಿದಾಗ ಚಟ್ನಿ ಯಾವುದು ಬೇಕು ಎಂದು ಕೇಳಿಬಿಟ್ಟೆ. ಅವಳು ಟವೆಲ್ ತೆಗೆದು ನನ್ನ ಮೇಲೆಸೆದು ಒಳಗೆ ಹೋದಳು.

ಮರುದಿನ ಸಂಜೆ ದಿವಾನಿಯಾಕ್ಕೆ ಹೋದೆ. ಅದು ಕುವೈತಿಗಳ ಮನೆಯಲ್ಲಿ ಗಂಡಸರು ಸೇರಿ ಕೂರುವ ದೊಡ್ಡ ಕೋಣೆ, ಗೋಡೆಯ ಉದ್ದಕ್ಕೂ ಮೆತ್ತೆ ಹಾಸಿರುತ್ತದೆ. ಅಲ್ಲಿಯವರೆಗೆ ಕಫೀಲರನ್ನು ನಾನು ನೋಡುತ್ತಿದ್ದದ್ದು ಅವರ ಕಾರಿನ ಕಿಟಕಿಯಲ್ಲಿ. ಕಾಗದ ಕೊಟ್ಟರೆ ಸ್ಟೇರಿಂಗಿನ ಮೇಲಿಟ್ಟು ಸಹಿ ಹಾಕಿ "ಯಲ್ಲಾ" ಎಂದು ಹೊರಟುಬಿಡುತ್ತಿದ್ದರು. ಹೀಗಾಗಿ ಅಷ್ಟು ವರ್ಷ ಕುವೈತಿನಲ್ಲಿದ್ದರೂ ಅವರ ಮನೆಯಲ್ಲಿ ಕೂತು ಕಾಫಿ ಕುಡಿದವನಲ್ಲ ನಾನು.

ಕೂತ ಕೂಡಲೇ ಹಿತ್ತಾಳೆಯ ಕೊಕ್ಕಿನ ಹೂಜಿ ಹಿಡಿದ ಮುದುಕರೊಬ್ಬರು ಬಂದು, ಹಿಡಿಯೇ ಇಲ್ಲದ ಪುಟ್ಟ ಬಟ್ಟಲಿಗೆ ಎರಡು ಗುಟುಕು ಕಾಫಿ ಹೊಯ್ದು ಕೊಟ್ಟರು. ಏಲಕ್ಕಿ ಘಮ, ಸಕ್ಕರೆ ಇಲ್ಲ, ಹಾಲೂ ಇಲ್ಲ. ಕೊಟ್ಟದ್ದನ್ನು ಬಿಡಬಾರದು ಎಂದು ಬೆಳೆದವನು ನಾನು. ತಳ ಕಾಣುವಂತೆ ಕುಡಿದು, ಮರ್ಯಾದೆಯಿಂದ ಎರಡೂ ಕೈಯಲ್ಲಿ ಬಟ್ಟಲನ್ನು ಮುಂದೆ ಹಿಡಿದೆ. ಮುದುಕರು ಮತ್ತೆ ಹೊಯ್ದರು. ಮತ್ತೆ ಕುಡಿದು ಮತ್ತೆ ಹಿಡಿದೆ. ಮತ್ತೆ ಹೊಯ್ದರು. ಊರಿನಲ್ಲಾದರೆ ಎಲೆಯ ಮೇಲೆ ಅಡ್ಡ ಬಾಗಿ ಕೈ ಅಡ್ಡ ಹಿಡಿಯಬಹುದಿತ್ತು. ಅಷ್ಟು ಪುಟ್ಟ ಬಟ್ಟಲಿಗೆ ಹೇಗೆ ಅಡ್ಡ ಬಾಗುವುದು?

ಐದನೆಯದಕ್ಕೆ "ಶುಕ್ರನ್" ಎಂದು ನಗುತ್ತ ಬಟ್ಟಲು ಚಾಚಿದೆ. ಧನ್ಯವಾದ ಹೇಳಿದ್ದಕ್ಕೆ ಸ್ವಲ್ಪ ಜಾಸ್ತಿಯೇ ಹೊಯ್ದರು. ಏಳನೆಯ ಬಟ್ಟಲಿನ ಹೊತ್ತಿಗೆ ನನ್ನ ಎದೆಯೊಳಗೆ ಚೆಂಡೆ ಶುರುವಾಯಿತು. ಎಂಟನೆಯದಾದ ಮೇಲೆ ಮುದುಕರು ಹೂಜಿ ತುಂಬಿಸಿಕೊಂಡು ಬಂದರು. ಅವರ ಮುಖದಲ್ಲೂ ಸುಸ್ತು ಕಾಣುತ್ತಿತ್ತು, ಇವನಿಗೆ ಯಾವಾಗ ಸಾಕಾಗುತ್ತದೋ ಎಂಬಂತೆ. ಕಫೀಲ್ ಎದುರಿಗೇ ಕೂತು ಯಾರೊಂದಿಗೋ ಮಾತಾಡುತ್ತಿದ್ದರು. ನಾನು ಹೇಳಬೇಕಾದ ಮಾತು ಕಾಫಿಯ ಜೊತೆ ಪ್ರತಿ ಸಲವೂ ಹೊಟ್ಟೆಗಿಳಿಯುತ್ತಿತ್ತು.

ಹನ್ನೊಂದನೆಯ ಬಟ್ಟಲು ಕುಡಿದಾಗ ಕಫೀಲ್ ಈ ಕಡೆ ತಿರುಗಿ, ನನ್ನನ್ನೂ ಮುದುಕರನ್ನೂ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಲ್ಲಾಡಿಸು ಭಾಯಿ, ಬಟ್ಟಲು ಅಲ್ಲಾಡಿಸು!" ಎಂದು ತಮ್ಮ ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಆಚೀಚೆ ಕುಣಿಸಿ ತೋರಿಸಿದರು. "ಹೀಗೆ ಮಾಡದೆ ಕೊಟ್ಟರೆ ಅವನು ಬೆಳಗಿನವರೆಗೂ ಹೊಯ್ತಾ ಇರ್ತಾನೆ. ಹೀಗೆ ಮಾಡಿದರೆ ಖಲಾಸ್. ಯಾರಿಗೂ ಬೇಜಾರಿಲ್ಲ."

ನಾನು ಅಲ್ಲಾಡಿಸಿದೆ. ಮುದುಕರು ಬಟ್ಟಲು ತೆಗೆದುಕೊಂಡು, ದೊಡ್ಡ ಉಸಿರು ಬಿಟ್ಟು ಹೋದರು. ಹೂಜಿಯ ಆ ಮುದುಕರಿಗೆ ಸಾಕು ಎಂದು ಹೇಳಲಾಗದವನು ಯಾರಿಗೆ ಏನು ಹೇಳಿಯಾನು ಎಂದು ನನಗೆ ನಾಚಿಕೆಯಾಯಿತು. ಹನ್ನೊಂದು ಬಟ್ಟಲಿನ ಶಕ್ತಿಯೂ ಇತ್ತೆನ್ನಿ. ಒಂದೇ ಉಸಿರಿಗೆ ಹೇಳಿಬಿಟ್ಟೆ: "ಗುರುವಾರ ದೋಸೆ ಆಗುವುದಿಲ್ಲ. ನಮ್ಮ ಭಟ್ಟರ ಮಗಳ ಮದುವೆ. ನಿಶ್ಚಿತಾರ್ಥಕ್ಕೂ ನಾನು ಅವರನ್ನು ಬಿಟ್ಟಿರಲಿಲ್ಲ."

ಕಫೀಲರ ನಗು ನಿಂತಿತು. ನನ್ನ ಪರವಾನಗಿ, ಇಕಾಮಾ, ಅಡುಗೆಮನೆಯ ಬಾಗಿಲು ಎಲ್ಲ ಕಣ್ಣ ಮುಂದೆ ಬಂದು ಹೋದವು.

"ಮಗಳ ಮದುವೆ ಬಿಟ್ಟು ಅವನು ನನಗೆ ದೋಸೆ ಹೊಯ್ಯೋದಾ? ಐಬ್!" ಎಂದರು. ನಾಚಿಕೆಗೇಡು ಎಂದು ಅರ್ಥ, ಅದು ನನಗೆ ಗೊತ್ತಿತ್ತು. "ಮೊನ್ನೆ ಫೋನಿನಲ್ಲೇ ಹೇಳೋದಕ್ಕೆ ಏನಾಗಿತ್ತು ನಿನಗೆ? ನಾನು ಕಬಾಬ್ ತರಿಸ್ಕೋತೀನಿ. ಅವನು ಬಂದ ಮೇಲೆ ದೋಸೆ." ಇಷ್ಟೇ ಹೇಳಿ ಪಕ್ಕದವರ ಕಡೆ ತಿರುಗಿ ಬಿಟ್ಟ ಮಾತು ಮುಂದುವರಿಸಿದರು. ಎರಡು ದಿನ ನಾನು ಒದ್ದಾಡಿದ ವಿಷಯ ಅವರಿಗೆ ಅರ್ಧ ನಿಮಿಷದ್ದಾಗಿತ್ತು.

ಆ ರಾತ್ರಿ ಕಾಫಿ ನನ್ನನ್ನು ಮಲಗಲು ಬಿಡಲಿಲ್ಲ. ಬೆಳಿಗ್ಗೆ ಭಟ್ಟರಿಗಿಂತ ಮುಂಚೆ ಹೋಗಿ ಅಡುಗೆಮನೆಯ ಬೀಗ ತೆಗೆದೆ. ಅವರು ಬಂದ ಕೂಡಲೇ, "ಬುಧವಾರ ನೀವು ಹೊರಡಿ ಭಟ್ರೆ. ದೋಸೆ ಆಗುವುದಿಲ್ಲ ಅಂತ ಹೇಳಿ ಬಂದೆ," ಎಂದೆ.

"ಯಾರ್ ಹೇಳದ್? ನೀವಾ?" ಎಂದರು. ನನ್ನ ಬಾಯಿಂದ ಅಂಥ ಮಾತು ಬರುತ್ತದೆಂದು ಅವರಿಗೆ ನಂಬಿಕೆಯೇ ಆಗಲಿಲ್ಲ. ಕಾಫಿಯ ಕತೆಯನ್ನೆಲ್ಲ ಹೇಳಬೇಕಾಯಿತು. ಅಕ್ಕಿಯ ಚೀಲದ ಮೇಲೆ ಕೂತು ಕೇಳಿದರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ನೀರು ಬರೀ ನಗುವಿನದಲ್ಲ ಎಂದು ನನಗೆ ಗೊತ್ತಾಯಿತು. ಎದ್ದು ಜೇಬಿನಿಂದ ಕರೆಯೋಲೆ ತೆಗೆದು, ಮಡಿಕೆ ಸರಿಮಾಡಿ, ಫ್ರಿಜ್ಜಿನ ಮೇಲೆ ಮೊದಲಿದ್ದ ಜಾಗದಲ್ಲೇ ಅಂಟಿಸಿದರು.

ನಲವತ್ತು ದಿನದ ಮೇಲೆ ಮದುವೆಯ ಲಾಡು ತೆಗೆದುಕೊಂಡು ಬಂದರು. ಬಂದು ಎರಡು ದಿನವಾಗಿರಲಿಲ್ಲ, ಮಹಬೂಲಾದಿಂದ ಒಬ್ಬ ಹೆಂಗಸಿನ ಫೋನ್. ನಾಡಿದ್ದು ಶುಕ್ರವಾರಕ್ಕೆ ಮುನ್ನೂರು ಹೋಳಿಗೆ ಬೇಕಂತೆ. ಆ ಶುಕ್ರವಾರ ಆಗಲೇ ಎರಡು ಕಡೆಯ ಊಟ ಒಪ್ಪಿಕೊಂಡಾಗಿತ್ತು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಫೋನಿಗೆ ಕೈ ಅಡ್ಡ ಹಿಡಿದು, "ಹೋಳಿಗೆ ಒಂದು ಮುನ್ನೂರು..." ಎಂದು ಭಟ್ಟರ ಮುಖ ನೋಡಿದೆ.

ಭಟ್ಟರು ಸ್ಟೀಲ್ ಲೋಟದಲ್ಲಿ ಚಾ ಕುಡಿಯುತ್ತಿದ್ದರು. ಉಳಿದದ್ದನ್ನು ನಿಧಾನವಾಗಿ ಕುಡಿದು ಮುಗಿಸಿದರು. ಖಾಲಿ ಲೋಟವನ್ನು ಎರಡು ಬೆರಳಲ್ಲಿ ಹಿಡಿದು, ನನ್ನನ್ನೇ ನೋಡುತ್ತ, ಆಚೀಚೆ ಅಲ್ಲಾಡಿಸಿದರು.

"ಇಲ್ಲಮ್ಮ, ಈ ಶುಕ್ರವಾರ ಆಗುವುದಿಲ್ಲ," ಎಂದೆ ಫೋನಿಗೆ.

"ಹೌದಾ? ಆಯ್ತು ಅಣ್ಣ, ಬೇರೆಯವರನ್ನು ಕೇಳ್ತೇನೆ," ಎಂದು ಆಕೆ ಇಟ್ಟುಬಿಟ್ಟಳು.

ನಾನು ಫೋನ್ ಕೆಳಗಿಡುವುದರೊಳಗೆ ಭಟ್ಟರು ಲೋಟವನ್ನು ನನ್ನ ಕಡೆ ಚಾಚಿದ್ದರು, ಈ ಸಲ ಅಲ್ಲಾಡಿಸದೆ. ನಾನು ಎದ್ದು ಹೋಗಿ ಚಾ ತಂದು ಹೊಯ್ದೆ.